ಮಾಲು ಕಳಿಸುವ ಮೊದಲು ಒಂದು ಪುಟ: ಸಣ್ಣ ವ್ಯಾಪಾರಿಗೆ ಬೇಕಾದಷ್ಟು ಕರಾರು ಮತ್ತು ಟಾರ್ಟ್ (ಕರಾರಿಲ್ಲದೆಯೂ ಬರುವ ಹೊಣೆ) ಕಾನೂನು

2023ರ ಮಾರ್ಚ್‌ನಲ್ಲಿ ಬೆಂಗಳೂರಿನ ಒಂದು ಹೋಟೆಲಿಗೆ ಫೋನಿನಲ್ಲೇ ಮಾತು ಕೊಟ್ಟೆ. ದಿನಕ್ಕೆ 10 ಬಾಕ್ಸ್ ಟೊಮೆಟೊ, ಬಾಕ್ಸಿಗೆ 15 ಕೆ.ಜಿ., ಅವರ ಬಾಗಿಲಿಗೆ ತಲುಪಿಸಿ 300 ರೂಪಾಯಿ. ಸೆಪ್ಟೆಂಬರ್ ಕೊನೆಯವರೆಗೆ ಇದೇ ರೇಟು. ಆಗ ಕೋಲಾರ ಎಪಿಎಂಸಿಯಲ್ಲಿ ರೇಟು ಅದಕ್ಕಿಂತ ಕಡಿಮೆ ಇತ್ತು, ಹಾಗಾಗಿ ನನಗೆ ಖುಷಿಯೇ. ಜುಲೈ ಬಂತು. ಆ ಜುಲೈ ಕೋಲಾರದವರಿಗೆ ಯಾರಿಗೂ ಮರೆಯುವುದಿಲ್ಲ, ಬಾಕ್ಸ್ 2,000 ರೂಪಾಯಿ ದಾಟಿತು. ನಾನು ಮಾಲು ನಿಲ್ಲಿಸಿದೆ. ಅವರು ನನ್ನ ಮೇ, ಜೂನ್ ಎರಡು ತಿಂಗಳ ಬಾಕಿ 1,83,000 ರೂಪಾಯಿ ಹಿಡಿದಿಟ್ಟುಕೊಂಡರು.

ಕೋಪದಲ್ಲೇ ವಕೀಲರ ಹತ್ತಿರ ಹೋದೆ. "ಏನಾದರೂ ಬರೆದುಕೊಂಡಿದ್ದೀರಾ?" ಅಂದರು. ಇಲ್ಲ ಅಂದೆ. ಬರೆದಿಲ್ಲ ಅಂದಮೇಲೆ ಕರಾರೇ ಇಲ್ಲ, ನನ್ನ ದುಡ್ಡು ನನಗೆ ಬರಬೇಕು ಅಂತ ನಾನು ನಂಬಿದ್ದೆ. ಅವರು ಒಂದು ಹಾಳೆ ತೆಗೆದು ಲೆಕ್ಕ ಹಾಕಿದರು. ಹೋಟೆಲಿನವರು ಅದೇ ಟೊಮೆಟೊವನ್ನು 2,000ಕ್ಕೆ ಕೊಂಡಿದ್ದರೆ ಬಾಕ್ಸಿಗೆ 1,700 ಜಾಸ್ತಿ, ದಿನಕ್ಕೆ 17,000. ಹನ್ನೊಂದು ದಿನಕ್ಕೆ 1,87,000. "ನೋಡಿ, ಕೇಸ್ ಹಾಕಿದರೆ ನೀವೇ ಅವರಿಗೆ ಕೊಡಬೇಕಾಗಿ ಬರಬಹುದು" ಅಂದರು. ನಾನು ಎದ್ದು ಬಂದೆ, ಆ ದುಡ್ಡು ಹೋಯಿತು.

ಆವತ್ತಿನಿಂದ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ, ತರಕಾರಿ ಸಪ್ಲೈ ಮಾಡುವವನು. ದೊಡ್ಡ ಮೊತ್ತದ ತಕರಾರು ಬಂದರೆ ವಕೀಲರನ್ನೇ ನೋಡಿ. ಆದರೆ ನಮ್ಮಂಥವರ ದುಡ್ಡು ಹೋಗುವುದು ಕೋರ್ಟಿನಲ್ಲಲ್ಲ, ಮಾತು ಕೊಡುವ ಆ ಎರಡು ನಿಮಿಷದಲ್ಲಿ. ಆ ಎರಡು ನಿಮಿಷವನ್ನು ಸರಿಯಾಗಿ ಕಳೆಯುವುದು ಹೇಗೆ ಅನ್ನುವುದನ್ನೇ ಇಲ್ಲಿ ಜಾಸ್ತಿ ಹೇಳಿದ್ದೇನೆ.

ಹಂತ 1: ಕರಾರು ಆಗಿದೆಯಾ, ಇಲ್ಲವಾ ಗುರುತಿಸಿ

ನಮ್ಮ ದೇಶದ ಕರಾರು ಕಾಯ್ದೆ 1872ರದ್ದು. ಇವತ್ತಿಗೂ ಅದೇ ನಡೆಯುತ್ತಿದೆ. ಅದರ 10ನೇ ಸೆಕ್ಷನ್ ಪ್ರಕಾರ, ಮಾತುಕತೆ ಮಾಡಿದ ಇಬ್ಬರೂ ಕರಾರಿಗೆ ಅರ್ಹರಾಗಿರಬೇಕು, ಮನಸ್ಸಾರೆ ಒಪ್ಪಿರಬೇಕು, ಕೊಡುವುದಕ್ಕೆ ಬದಲಾಗಿ ಏನಾದರೂ ಸಿಗಬೇಕು, ಉದ್ದೇಶ ಕಾನೂನಿಗೆ ವಿರುದ್ಧ ಇರಬಾರದು. ಇಷ್ಟಿದ್ದರೆ ಕರಾರು ಆಯಿತು. ಕಾಗದ ಬೇಕೇ ಬೇಕು ಅಂತ ಅಲ್ಲಿ ಹೇಳಿಲ್ಲ. ಜಮೀನು ಮಾರಾಟದಂಥ ಕೆಲವಕ್ಕೆ ಬೇರೆ ಕಾಯ್ದೆ ಕಾಗದ ಕೇಳುತ್ತದೆ, ಆದರೆ ಟೊಮೆಟೊ, ಹಾಲು, ಇಟ್ಟಿಗೆ, ವೆಲ್ಡಿಂಗ್ ಕೆಲಸ ಇವಕ್ಕೆಲ್ಲ ಬಾಯಿಮಾತೇ ಸಾಕು. ನಾನು ಎಡವಿದ್ದು ಇಲ್ಲೇ.

ಕರಾರು ಹುಟ್ಟುವುದು ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹಾಗೇ ಒಪ್ಪಿದಾಗ. "ಬಾಕ್ಸಿಗೆ 300 ಕೊಡ್ತೀನಿ" ಅಂತ ಅವರು ಕೇಳಿ, "330 ಆದ್ರೆ ಕಳಿಸ್ತೀನಿ" ಅಂತ ನೀವು ಅಂದರೆ ಅದು ಒಪ್ಪಿಗೆ ಅಲ್ಲ, ಹೊಸ ಪ್ರಸ್ತಾಪ. ಅವರು 330ಕ್ಕೆ ಹೂಂ ಅನ್ನುವವರೆಗೆ ಕರಾರು ಇಲ್ಲ. ವಾಟ್ಸಾಪಿನಲ್ಲಿ "ಓಕೆ ಸರ್, ನಾಳೆಯಿಂದ ಕಳಿಸಿ" ಅಂತ ಬಂದರೆ ಅದೂ ಒಪ್ಪಿಗೆಯೇ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆ ಪ್ರಕಾರ, ಫೋನಿನಲ್ಲಿ, ಇಮೇಲಿನಲ್ಲಿ ಆಯಿತು ಅನ್ನುವ ಒಂದೇ ಕಾರಣಕ್ಕೆ ಕರಾರನ್ನು ತಳ್ಳಿಹಾಕುವ ಹಾಗಿಲ್ಲ.

18 ತುಂಬದವರ ಜೊತೆ ಮಾಡಿದ ಕರಾರು ನಿಲ್ಲುವುದಿಲ್ಲ. ಇದು 1903ರಲ್ಲೇ ಮೋಹರಿ ಬೀಬಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ಮಂಡಿಯಲ್ಲಿ ಅಪ್ಪನ ಬದಲು ಹುಡುಗ ಬಂದು ಅಡ್ವಾನ್ಸ್ ತಗೊಂಡು ಹೋಗುವುದನ್ನು ನಾನು ತುಂಬ ನೋಡಿದ್ದೇನೆ. ಅಪ್ಪನಿಗೆ ಒಂದು ಫೋನ್ ಮಾಡಿ, ಅವರ ಹೆಸರಿಗೇ ದುಡ್ಡು ಹಾಕಿ.

ಅಸ್ಪಷ್ಟವಾಗಿದ್ದರೂ ಕರಾರು ಬೀಳುತ್ತದೆ. ಕಾಯ್ದೆಯಲ್ಲೇ ಒಂದು ಉದಾಹರಣೆ ಇದೆ: ಒಬ್ಬ "ನೂರು ಟನ್ ಎಣ್ಣೆ" ಮಾರುತ್ತೇನೆ ಅನ್ನುತ್ತಾನೆ, ಯಾವ ಎಣ್ಣೆ ಅಂತ ಎಲ್ಲೂ ಇಲ್ಲ. ಅದು ಅನೂರ್ಜಿತ. "ಒಳ್ಳೆ ಮಾಲು ಕಳಿಸಿ" ಅನ್ನುವುದೂ ಹೆಚ್ಚುಕಡಿಮೆ ಹೀಗೇ.

ಹಂತ 2: ಎದುರಿಗಿರುವವರು ಯಾರು ಅಂತ ಪತ್ತೆ ಮಾಡಿ

ಬೋರ್ಡಿನ ಮೇಲೆ ಇರುವ ಹೆಸರು ಯಾರದ್ದೂ ಅಲ್ಲದಿರಬಹುದು. ಹೋಟೆಲಿನ ಹೆಸರು ಒಂದು, ಜಿಎಸ್‌ಟಿ ಇನ್ನೊಬ್ಬರ ಹೆಸರಿನಲ್ಲಿ, ದುಡ್ಡು ಕಳಿಸುವುದು ಮೂರನೆಯವರ ಖಾತೆಯಿಂದ. ದುಡ್ಡು ಬರುತ್ತಿರುವಾಗ ಇದ್ಯಾವುದೂ ಕಾಣುವುದಿಲ್ಲ. ನಿಂತ ಮೇಲೆ ನೋಟಿಸನ್ನು ಯಾರ ಹೆಸರಿಗೆ ಕಳಿಸಬೇಕು ಅನ್ನುವುದೇ ಗೊತ್ತಾಗುವುದಿಲ್ಲ.

ಮೊದಲು ಅವರ ಜಿಎಸ್‌ಟಿ ನಂಬರು ಕೇಳಿ. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಅದನ್ನು ಹಾಕಿದರೆ ಕಾನೂನಿನ ಪ್ರಕಾರ ಮಾಲೀಕರು ಯಾರು, ನೋಂದಣಿ ಚಾಲ್ತಿಯಲ್ಲಿದೆಯಾ ಅನ್ನುವುದು ಸುಮ್ನೆ ಒಂದು ನಿಮಿಷದಲ್ಲಿ ಸಿಗುತ್ತದೆ. ಒಬ್ಬರೇ ಮಾಲೀಕರಾಗಿದ್ದರೆ ಅವರೇ ಪೂರ್ತಿ ಹೊಣೆ, ಮನೆ ಆಸ್ತಿಯವರೆಗೂ. ಪಾಲುದಾರಿಕೆಯಾಗಿದ್ದರೆ ಎಲ್ಲ ಪಾಲುದಾರರೂ ಒಟ್ಟಾಗಿಯೂ, ಒಬ್ಬೊಬ್ಬರಾಗಿಯೂ ಹೊಣೆ. ಪ್ರೈವೇಟ್ ಲಿಮಿಟೆಡ್ ಆದರೆ ಸಾಲ ಕಂಪನಿಯದ್ದು ಮಾತ್ರ, ಡೈರೆಕ್ಟರ್ ಎಷ್ಟೇ ದೊಡ್ಡ ಕಾರಿನಲ್ಲಿ ಬರಲಿ. ಅಂಥವರಿಗೆ ದೊಡ್ಡ ಮೊತ್ತದ ಸಾಲ ಕೊಡುವಾಗ ಡೈರೆಕ್ಟರ್ ವೈಯಕ್ತಿಕ ಜಾಮೀನು ಬರೆದುಕೊಡಲಿ.

ನಿಮ್ಮದೇ ಪಾಲುದಾರಿಕೆ ಇದ್ದರೆ ದಯವಿಟ್ಟು ನೋಂದಣಿ ಮಾಡಿಸಿ. ಅಣ್ಣತಮ್ಮಂದಿರು, ಷಡ್ಡಕರು ಸೇರಿ ಅಂಗಡಿ ಹಾಕುವಾಗ ಇದು ಯಾರಿಗೂ ನೆನಪಾಗುವುದಿಲ್ಲ. 1932ರ ಪಾಲುದಾರಿಕೆ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ, ನೋಂದಣಿ ಆಗದ ಸಂಸ್ಥೆ ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹಾಕುವಂತಿಲ್ಲ. ಬೇರೆಯವರು ಮಾತ್ರ ನಿಮ್ಮ ಮೇಲೆ ಹಾಕಬಹುದು.

ಹಂತ 3: ಆ ಒಂದು ಪುಟ ಬರೆಯಿರಿ

ಇದೇ ಮುಖ್ಯ. ಇಬ್ಬರೂ ಖುಷಿಯಾಗಿರುವಾಗಲೇ ಬರೆಯಬೇಕು. ಮನಸ್ತಾಪ ಬಂದ ಮೇಲೆ ಯಾರೂ ಸಹಿ ಹಾಕುವುದಿಲ್ಲ. "ಏನಣ್ಣ, ನಂಬಿಕೆ ಇಲ್ವಾ?" ಅಂತ ಕೇಳುತ್ತಾರೆ. "ನಂಬಿಕೆ ಇದೆ ಅಣ್ಣ, ನೆನಪೇ ಇರಲ್ಲ" ಅನ್ನಿ. ಈ ಉತ್ತರಕ್ಕೆ ಇವತ್ತಿನವರೆಗೂ ಯಾರೂ ಬೇಸರ ಮಾಡಿಕೊಂಡಿಲ್ಲ.

ಕಾನೂನಿನ ಭಾಷೆ ಬೇಡ. ನಾವು ಮಾತಾಡುವ ಕನ್ನಡ ಸಾಕು. ನಮ್ಮ ಕಡೆ ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ, ಕನ್ನಡ ಓದಲು ಕಷ್ಟ ಅನ್ನುವವರೂ ಇದ್ದಾರೆ. ಅಂಥವರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ, "ತೆಲುಗಿನಲ್ಲಿ ಓದಿ ಹೇಳಲಾಗಿದೆ, ಅರ್ಥವಾಗಿದೆ" ಅಂತ ಕೊನೆಯಲ್ಲಿ ಒಂದು ಸಾಲು ಬರೆದು, ಓದಿ ಹೇಳಿದವರ ಸಹಿಯನ್ನೂ ಹಾಕಿಸಿ. ಗೊತ್ತಿಲ್ಲದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ, ಒಪ್ಪಿಗೆ ಮನಸ್ಸಾರೆ ಕೊಟ್ಟಿದ್ದಲ್ಲ ಅನ್ನುವ ವಾದಕ್ಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ.

ಏನು ಬರೆಯಬೇಕು? ಮೊದಲು ಮಾಲು. "ಟೊಮೆಟೊ" ಅಂತ ಅಲ್ಲ. ತಳಿ, ಸೈಜು, ಹಣ್ಣೋ ದೋರೆಗಾಯೋ, ಬಾಕ್ಸಿಗೆ ಎಷ್ಟು ಕೆ.ಜಿ., ಒಡೆದ ಹಣ್ಣು ಎಷ್ಟರವರೆಗೆ ಒಪ್ಪಬಹುದು. ಮಾದರಿ ತೋರಿಸಿ ವ್ಯಾಪಾರ ಮಾಡಿದ್ದರೆ ಬಂದ ಮಾಲು ಆ ಮಾದರಿಗೆ ಹೊಂದಬೇಕು ಅಂತ 1930ರ ಸರಕು ಮಾರಾಟ ಕಾಯ್ದೆಯೇ ಹೇಳುತ್ತದೆ, ಹಾಗಾಗಿ ಮಾದರಿಯ ಫೋಟೋ ತೆಗೆದಿಟ್ಟುಕೊಳ್ಳಿ.

ಆಮೇಲೆ ರೇಟು. ನನ್ನ 1,83,000 ಹೋಗಿದ್ದು ಇಲ್ಲೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ರೇಟು ಏರಿತು, ನನಗೆ ನಷ್ಟ ಆಗುತ್ತಿದೆ ಅನ್ನುವುದು ಕರಾರಿನಿಂದ ಬಿಡುಗಡೆ ಕೊಡುವುದಿಲ್ಲ. ಕೆಲಸ ಮಾಡಲು ಸಾಧ್ಯವೇ ಇಲ್ಲದಂತಾದರೆ ಕರಾರು ಕೊನೆಯಾಗುತ್ತದೆ ಅಂತ ಕರಾರು ಕಾಯ್ದೆಯ 56ನೇ ಸೆಕ್ಷನ್ ಹೇಳುತ್ತದೆ ನಿಜ. ಆದರೆ ಬೆಲೆ ಏರಿಕೆಯೊಂದೇ ಅಂಥ ಅಸಾಧ್ಯತೆ ಅಲ್ಲ ಅಂತ ಸುಪ್ರೀಂ ಕೋರ್ಟು 1960ರ ಅಲೋಪಿ ಪರ್ಷಾದ್ ಪ್ರಕರಣದಲ್ಲೇ ಸ್ಪಷ್ಟ ಮಾಡಿದೆ. ಅದು ಸೇನೆಗೆ ತುಪ್ಪ ಪೂರೈಸುವ ಕರಾರು, ಮಹಾಯುದ್ಧದಿಂದ ಖರ್ಚು ಏರಿದ್ದರೂ ಹೆಚ್ಚು ಹಣ ಸಿಗಲಿಲ್ಲ. ತುಪ್ಪಕ್ಕೆ ಇಲ್ಲದ ರಿಯಾಯಿತಿ ನಮ್ಮ ಟೊಮೆಟೊಗೂ ಇಲ್ಲ. ಆದ್ದರಿಂದ ಬಿಡುಗಡೆಯ ದಾರಿಯನ್ನು ನಾವೇ ಬರೆದುಕೊಳ್ಳಬೇಕು. ನಾನು ಈಗ ಬರೆಯುವುದು ಹೀಗೆ:

"ಬಾಕ್ಸಿಗೆ 300 ರೂ. ಕೋಲಾರ ಎಪಿಎಂಸಿಯಲ್ಲಿ ಇದೇ ಗುಣಮಟ್ಟದ ಮಾಲಿನ ಹರಾಜು ರೇಟು ಸತತ ಮೂರು ದಿನ 400 ದಾಟಿದರೆ, ನಾಲ್ಕನೇ ದಿನದಿಂದ ಆಯಾ ದಿನದ ಹರಾಜು ರೇಟು ಮತ್ತು ಬಾಕ್ಸಿಗೆ 60 ರೂ. ಸಾಗಾಣಿಕೆ, ಲಾಭ ಸೇರಿ ಕೊಡತಕ್ಕದ್ದು. 150ಕ್ಕಿಂತ ಇಳಿದರೆ ಖರೀದಿದಾರರಿಗೂ ಇದೇ ಲೆಕ್ಕ. ಯಾರಿಗೆ ಬೇಡವಾದರೂ 7 ದಿನ ಮೊದಲು ಮೆಸೇಜ್ ಕಳಿಸಿ ನಿಲ್ಲಿಸಬಹುದು."

ಇಳಿಕೆಯ ಸಾಲನ್ನೂ ಸೇರಿಸಿ. ಒಂದೇ ಕಡೆಗೆ ಲಾಭ ಇರುವ ಕಾಗದಕ್ಕೆ ಯಾರೂ ಖುಷಿಯಿಂದ ಸಹಿ ಹಾಕುವುದಿಲ್ಲ.

ಮೂರನೆಯದು, ಮಾಲು ಎಲ್ಲಿ ಕೈ ಬದಲಾಗುತ್ತದೆ. ಟೆಂಪೋ ಹೊಸಕೋಟೆ ಹತ್ತಿರ ಕೆಟ್ಟು ನಿಂತು ಹಣ್ಣು ಕೊಳೆತರೆ ನಷ್ಟ ಯಾರದ್ದು? ಬೇರೆ ಮಾತಾಗದಿದ್ದರೆ ಮಾಲಿನ ಒಡೆತನ ಯಾರದ್ದೋ ನಷ್ಟವೂ ಅವರದ್ದೇ ಅನ್ನುವುದು ಕಾನೂನು. ಒಡೆತನ ಯಾವಾಗ ದಾಟಿತು ಅನ್ನುವುದರ ಮೇಲೆ ವರ್ಷಗಟ್ಟಲೆ ವಾದ ಮಾಡಬಹುದು. ಅದರ ಬದಲು "ಖರೀದಿದಾರರ ಬಾಗಿಲಲ್ಲಿ ಇಳಿಸುವವರೆಗೆ ಹೊಣೆ ಮಾರಾಟಗಾರರದ್ದು, ಇಳಿಸಿದ ಮೇಲೆ ಖರೀದಿದಾರರದ್ದು. ತಕರಾರಿದ್ದರೆ 2 ಗಂಟೆಯೊಳಗೆ ಫೋಟೋ ಸಮೇತ ತಿಳಿಸಬೇಕು" ಅಂತ ಬರೆದುಬಿಡಿ. ಖಾಲಿ ಕ್ರೇಟ್ ವಾಪಸಿನ ಲೆಕ್ಕವನ್ನೂ ಇಲ್ಲೇ ಸೇರಿಸಿ.

ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಇದು ಇನ್ನೂ ದೊಡ್ಡ ಪ್ರಶ್ನೆ. ಹೂವು ಬಿಟ್ಟಾಗಲೇ ಫಸಲನ್ನು ಗುತ್ತಿಗೆಗೆ ಕೊಟ್ಟು ಅಡ್ವಾನ್ಸ್ ತಗೊಳ್ಳುತ್ತಾರೆ. ಏಪ್ರಿಲ್‌ನಲ್ಲಿ ಆಲಿಕಲ್ಲು ಮಳೆ ಬಿದ್ದು ಕಾಯಿ ಉದುರಿದರೆ ವ್ಯಾಪಾರಿ ಅಡ್ವಾನ್ಸ್ ವಾಪಸ್ ಕೇಳುತ್ತಾನೆ, ರೈತ "ನೀನು ತೋಪು ನೋಡೇ ತಗೊಂಡಿದ್ದು" ಅನ್ನುತ್ತಾನೆ. ಇಬ್ಬರ ಮಾತಲ್ಲೂ ನ್ಯಾಯ ಇದೆ, ಅದಕ್ಕೇ ಜಗಳ ಮುಗಿಯುವುದಿಲ್ಲ. "ಆಲಿಕಲ್ಲು, ಬಿರುಗಾಳಿಯಿಂದ ಅರ್ಧಕ್ಕಿಂತ ಜಾಸ್ತಿ ಫಸಲು ಹೋದರೆ ಉಳಿದ ಹಣ ಕೊಡಬೇಕಿಲ್ಲ, ಕೊಟ್ಟ ಅಡ್ವಾನ್ಸ್ ವಾಪಸ್ ಇಲ್ಲ" ಅಂತಲೋ, ನಿಮಗಿಬ್ಬರಿಗೂ ಒಪ್ಪಿಗೆಯಾದ ಬೇರೆ ರೀತಿಯಲ್ಲೋ ಒಂದು ಸಾಲು ಬರೆದರೆ ಊರಿನಲ್ಲಿ ಮುಖ ನೋಡಿಕೊಂಡು ಬದುಕಬಹುದು. ಮದ್ದು ಹೊಡೆಯುವುದು, ಕಾವಲು ಯಾರದ್ದು ಅನ್ನುವುದೂ ಅದರ ಜೊತೆಗೇ ಇರಲಿ.

ನಾಲ್ಕನೆಯದು ದುಡ್ಡು. ಯಾವ ತಾರೀಖಿಗೆ, ಯಾವ ಖಾತೆಗೆ, ತಡವಾದರೆ ಎಷ್ಟು ಬಡ್ಡಿ. ಬಾಕಿ ಇಷ್ಟು ದಾಟಿದರೆ ಮಾಲು ನಿಲ್ಲಿಸಬಹುದು ಅನ್ನುವುದನ್ನೂ ಬರೆಯಿರಿ. ನಾನೇನಾದರೂ ಇದನ್ನು ಬರೆದಿದ್ದರೆ ಎರಡು ತಿಂಗಳ ಬಾಕಿ ಬೆಳೆಯುತ್ತಲೇ ಇರಲಿಲ್ಲ.

"ತಪ್ಪಿದರೆ 5 ಲಕ್ಷ ದಂಡ" ಅಂತ ಹೆದರಿಸುವ ಸಾಲು ಹಾಕುವವರಿದ್ದಾರೆ. ಬರೆದಷ್ಟೂ ಸಿಗುವುದಿಲ್ಲ. 74ನೇ ಸೆಕ್ಷನ್ ಪ್ರಕಾರ ಆ ಮೊತ್ತ ಮೇಲಿನ ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರವನ್ನಷ್ಟೇ ಕೋರ್ಟು ಕೊಡುತ್ತದೆ. ಹಾಗೆಯೇ "ಕೆಲಸ ಬಿಟ್ಟ ಮೇಲೆ ಇದೇ ವ್ಯಾಪಾರ ಮಾಡಬಾರದು" ಅಂತ ಕೆಲಸದವರಿಂದ ಬರೆಸಿಕೊಂಡರೂ 27ನೇ ಸೆಕ್ಷನ್ ಮುಂದೆ ಅದು ನಿಲ್ಲುವುದಿಲ್ಲ. "ಯಾರೂ ಕೋರ್ಟಿಗೆ ಹೋಗಬಾರದು" ಅನ್ನುವ ಸಾಲೂ ಅಷ್ಟೇ, ಅದು 28ನೇ ಸೆಕ್ಷನ್. ಆದರೆ "ತಕರಾರು ಬಂದರೆ ಕೋಲಾರದ ನ್ಯಾಯಾಲಯದಲ್ಲೇ" ಅಂತ ಬರೆಯಬಹುದು. ಅಲ್ಲಿ ವ್ಯವಹಾರದ ಸ್ವಲ್ಪ ಭಾಗವಾದರೂ ನಡೆದಿರಬೇಕು ಅಷ್ಟೇ. ಬೆಂಗಳೂರಿನ ಕೋರ್ಟಿಗೆ ಪ್ರತಿ ವಾಯಿದೆಗೂ ಓಡಾಡುವ ಖರ್ಚು ಲೆಕ್ಕ ಹಾಕಿದರೆ ಈ ಒಂದು ಸಾಲಿನ ಬೆಲೆ ಗೊತ್ತಾಗುತ್ತದೆ.

ಹಂತ 4: ಸಹಿ, ಸ್ಟಾಂಪ್ ಪೇಪರ್, ನೋಟರಿ

ಸ್ಟಾಂಪ್ ಪೇಪರ್ ಇದ್ದರೇ ಕರಾರು ಅನ್ನುವುದು ತಪ್ಪು ತಿಳಿವಳಿಕೆ. ಸ್ಟಾಂಪ್ ಅನ್ನುವುದು ಸರ್ಕಾರಕ್ಕೆ ಕೊಡುವ ಶುಲ್ಕ. ಆದರೆ ಅದಿಲ್ಲದ, ಅಥವಾ ಕಡಿಮೆ ಬೆಲೆಯ ಕಾಗದವನ್ನು ಕೋರ್ಟು ಸಾಕ್ಷ್ಯವಾಗಿ ತಗೊಳ್ಳುವ ಮೊದಲು ಬಾಕಿ ಶುಲ್ಕವನ್ನೂ, ಅದರ ಹತ್ತು ಪಟ್ಟಿನ ದಂಡವನ್ನೂ ಕಟ್ಟಬೇಕಾಗುತ್ತದೆ. 1957ರ ಕರ್ನಾಟಕ ಸ್ಟಾಂಪ್ ಕಾಯ್ದೆಯಲ್ಲಿ ಇದಿದೆ. ದರ ಆಗಾಗ ಬದಲಾಗುತ್ತದೆ, ಹಾಗಾಗಿ ಇ-ಸ್ಟಾಂಪ್ ಕೊಡುವಲ್ಲಿ ನಿಮ್ಮ ಕಾಗದ ಯಾವ ತರದ್ದು ಅಂತ ಹೇಳಿ ಆವತ್ತಿನ ದರ ಕೇಳಿ ತಗೊಳ್ಳಿ. ಹಳೇ ತಾರೀಖಿನ ಪೇಪರ್ ತರಿಸಿ ಬರೆಯುವ ಚಾಳಿ ಬೇಡ, ಅದು ಸುಳ್ಳು ದಾಖಲೆಯಾಗುತ್ತದೆ.

ನೋಟರಿ ಬೇರೆ, ನೋಂದಣಿ ಬೇರೆ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಅಂಗಡಿ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಎಲ್ಲರೂ 11 ತಿಂಗಳು ಅಂತ ಬರೆಸುವುದು ಇದಕ್ಕೇ. ಲಕ್ಷಗಟ್ಟಲೆ ಹಾಕಿ ಅಂಗಡಿ ಒಳಗೆ ಕೆಲಸ ಮಾಡಿಸುವವರು 11 ತಿಂಗಳಿಗೆ ಒಪ್ಪಬಾರದು ಅಂತ ನನ್ನ ಅಭಿಪ್ರಾಯ. ನೋಂದಣಿ ಖರ್ಚು ಹೋಗಲಿ, ಐದು ವರ್ಷಕ್ಕೆ ಬರೆಸಿ.

ಹಂತ 5: ಸಾಕ್ಷಿ ಕೂಡಿಡಿ

ಪ್ರತಿ ಲೋಡಿಗೂ ಚಲನ್, ಅದರ ಮೇಲೆ ಇಳಿಸಿಕೊಂಡವರ ಹೆಸರು, ಸಹಿ. ಸೆಕ್ಯುರಿಟಿಯವರು ಸಹಿ ಹಾಕಿದರೂ ಹೆಸರು ಬಿಡಿಸಿ ಬರೆಸಿ. ಫೋನಿನಲ್ಲಿ ಏನಾದರೂ ಮಾತಾದರೆ ತಕ್ಷಣ "ಈಗ ಮಾತಾಡಿದಂತೆ ನಾಳೆಯಿಂದ 12 ಬಾಕ್ಸ್" ಅಂತ ಒಂದು ಮೆಸೇಜ್ ಹಾಕಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ವಾಟ್ಸಾಪ್ ಮೆಸೇಜನ್ನು ಸಾಕ್ಷ್ಯವಾಗಿ ಕೊಡಬಹುದು, ಜೊತೆಗೆ ಒಂದು ಪ್ರಮಾಣಪತ್ರ ಬೇಕು. ಬರೀ ಸ್ಕ್ರೀನ್‌ಶಾಟ್ ಸಾಲದು. ತಕರಾರು ಇರುವಾಗ ಆ ಫೋನನ್ನು ಮಾರಬೇಡಿ, ಚಾಟ್ ಅಳಿಸಬೇಡಿ.

ಹಂತ 6: ಮಾತು ಮುರಿದಾಗ

ಮೊದಲ ದಿನ ಜಗಳ ಬೇಡ, ನಷ್ಟ ನಿಲ್ಲಿಸಿ. ಅವರು ಮಾಲು ಇಳಿಸಿಕೊಳ್ಳಲಿಲ್ಲ ಅಂದುಕೊಳ್ಳಿ. ಟೊಮೆಟೊ ಕೊಳೆಯಲು ಬಿಟ್ಟು ಪೂರ್ತಿ ದುಡ್ಡು ಕೇಳಿದರೆ ಸಿಗುವುದಿಲ್ಲ. ನಷ್ಟ ಕಡಿಮೆ ಮಾಡಲು ನೀವು ಏನು ಮಾಡಿದಿರಿ ಅಂತ ಕೋರ್ಟು ನೋಡುತ್ತದೆ. ದುಡ್ಡು ಬರದ ಮಾಲು ಇನ್ನೂ ನಿಮ್ಮ ವಶದಲ್ಲಿದ್ದು, ಅದು ಬೇಗ ಕೆಡುವಂಥದ್ದಾದರೆ ನೋಟಿಸ್ ಕೊಡದೆಯೂ ಬೇರೆಯವರಿಗೆ ಮಾರಬಹುದು ಅಂತ ಸರಕು ಮಾರಾಟ ಕಾಯ್ದೆಯ 54ನೇ ಸೆಕ್ಷನ್ ಹೇಳುತ್ತದೆ. ಕಲಾಸಿಪಾಳ್ಯಕ್ಕೋ ಇನ್ನೊಂದು ಮಾರುಕಟ್ಟೆಗೋ ಒಯ್ದು ಸಿಕ್ಕ ರೇಟಿಗೆ ಮಾರಿ, ಚೀಟಿ ಇಟ್ಟುಕೊಳ್ಳಿ. ಕರಾರಿನ ರೇಟಿಗೂ ಮಾರಿದ ರೇಟಿಗೂ ಇರುವ ವ್ಯತ್ಯಾಸ, ಜಾಸ್ತಿ ಸಾಗಾಣಿಕೆ, ಇದು ನಿಮ್ಮ ನಷ್ಟ.

ಎಷ್ಟು ದೂರದ ನಷ್ಟದವರೆಗೆ ಕೇಳಬಹುದು? ಕರಾರು ಕಾಯ್ದೆಯ 73ನೇ ಸೆಕ್ಷನ್ ಪ್ರಕಾರ, ಕರಾರು ಮುರಿದದ್ದರಿಂದ ಸಹಜವಾಗಿ ಆದದ್ದು, ಅಥವಾ ಹೀಗಾಗಬಹುದು ಅಂತ ಕರಾರು ಮಾಡುವಾಗಲೇ ಇಬ್ಬರಿಗೂ ಗೊತ್ತಿದ್ದದ್ದು. ಈ ವಿಚಾರ ಬಂದದ್ದು 1854ರ ಇಂಗ್ಲೆಂಡಿನ ಒಂದು ಗಿರಣಿಯ ಪ್ರಕರಣದಿಂದ. ಗಿರಣಿಯ ಯಂತ್ರದ ಮುರಿದ ಶಾಫ್ಟನ್ನು ಸಾಗಿಸುವವರು ತಡ ಮಾಡಿದರು, ಗಿರಣಿ ಆ ದಿನಗಳೆಲ್ಲ ನಿಂತಿತು. ಬೇರೆ ಶಾಫ್ಟ್ ಇಲ್ಲ, ಇದು ತಡವಾದರೆ ಗಿರಣಿಯೇ ನಿಲ್ಲುತ್ತದೆ ಅನ್ನುವುದು ಸಾಗಿಸುವವರಿಗೆ ಗೊತ್ತಿರಲಿಲ್ಲ ಅಂತ ಗಿರಣಿಯವರಿಗೆ ಆ ಲಾಭದ ನಷ್ಟ ಸಿಗಲಿಲ್ಲ. ಆದ್ದರಿಂದ ಮದುವೆ ಅಡುಗೆಗೆ ಮಾಲು ಕೊಡುವವರಿದ್ದರೆ "ಇದು ಭಾನುವಾರದ ಮದುವೆಗೆ, ಶನಿವಾರ ಸಂಜೆ ತಲುಪದಿದ್ದರೆ ನನ್ನ ಕಂಟ್ರ್ಯಾಕ್ಟೇ ಹೋಗುತ್ತದೆ" ಅಂತ ಆರ್ಡರ್ ಕೊಡುವಾಗಲೇ ಬರೆದು ಕಳಿಸಿ.

ಆಮೇಲೆ ನೋಟಿಸ್. ದುಡ್ಡಿನ ಬಾಕಿಗೆ, ಕರಾರು ಮುರಿದದ್ದಕ್ಕೆ ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷ ಸಮಯ ಇದೆ. ಚೆಕ್ ಬೌನ್ಸ್ ಆದರೆ ಮಾತ್ರ ದಿನ ಎಣಿಸಿ: ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಹೋಗಬೇಕು, ಅದು ಅವರ ಕೈ ಸೇರಿದ 15 ದಿನದೊಳಗೆ ಅವರು ಕೊಡಬೇಕು, ಕೊಡದಿದ್ದರೆ ಆಮೇಲಿನ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು. ಇದು ಚೆಕ್ಕಿಗೆ ಸಂಬಂಧಿಸಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್, ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ. ನಿಮ್ಮ ಖಾತೆ ಕೋಲಾರದ ಶಾಖೆಯಲ್ಲಿದ್ದು ಚೆಕ್ಕನ್ನು ಆ ಖಾತೆಗೇ ಹಾಕಿದ್ದರೆ ಕೇಸು ಕೋಲಾರದಲ್ಲೇ ನಡೆಯುತ್ತದೆ. "ಇನ್ನೊಂದು ವಾರ ತಡಿ ಅಣ್ಣ" ಅಂತ ಅವರು ಹೇಳುತ್ತಿದ್ದರೂ ನೋಟಿಸ್ ಕಳಿಸಿಬಿಡಿ. ದುಡ್ಡು ಬಂದರೆ ಅಲ್ಲಿಗೆ ಮುಗಿಯಿತು.

ವೇಮಗಲ್, ನರಸಾಪುರ, ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕದವರಿಗೆ ಇನ್ನೊಂದು ಒಳ್ಳೆಯ ಆಯುಧ ಇದೆ. ಉದ್ಯಮ್ ನೋಂದಣಿ ಇರುವ ಕಿರು ಮತ್ತು ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಕೊಡಲೇಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಬರೆದ ಕರಾರು ಇಲ್ಲದಿದ್ದರೆ ಅದು 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. ಇದಕ್ಕಾಗಿ ಇರುವ ಸರ್ಕಾರಿ ಪೋರ್ಟಲಿನಲ್ಲಿ ದೂರು ಕೊಡಬಹುದು. ನನ್ನಂತೆ ಕೊಂಡು ಮಾರುವವರಿಗೆ ಇದು ಸಿಗುವುದಿಲ್ಲ, ತಯಾರಿಕೆ ಮತ್ತು ಸೇವೆಯವರಿಗೆ ಮಾತ್ರ.

ವಾಣಿಜ್ಯ ವ್ಯಾಜ್ಯ 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿಯದ್ದಾದರೆ, ತುರ್ತು ತಡೆ ಬೇಕಿಲ್ಲದಾಗ, ದಾವೆಗೆ ಮೊದಲು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆ ಕಡ್ಡಾಯ. ಅದಕ್ಕಿಂತ ಕಡಿಮೆ ಇದ್ದರೆ ಲೋಕ ಅದಾಲತ್ ನೋಡಿ. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀಸು ವಾಪಸ್ ಬರುತ್ತದೆ, ಅದರ ಮೇಲೆ ಅಪೀಲು ಇಲ್ಲ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಇದೆ. ಸಹಾಯವಾಣಿ 15100. ಹೂವು, ಹಾಲು, ತಿಂಡಿ ವ್ಯಾಪಾರ ಮಾಡುವ ನಮ್ಮ ಅಕ್ಕಂದಿರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ದಯವಿಟ್ಟು ಹೇಳಿ.

ಒಂದು ಎಚ್ಚರ. ಬಾಕಿದಾರರ ಅಂಗಡಿಗೆ ನುಗ್ಗಿ ಫ್ರಿಜ್ಜೋ ಸ್ಕೂಟರೋ ಎತ್ತಿಕೊಂಡು ಬರಬೇಡಿ. ದುಡ್ಡು ನಿಮ್ಮದೇ ಆಗಿದ್ದರೂ ಆ ಕ್ಷಣದಿಂದ ಆರೋಪಿ ನೀವಾಗುತ್ತೀರಿ.

ಹಂತ 7: ಬೇರೆಯವರ ಸಾಲಕ್ಕೆ ಜಾಮೀನು ಹಾಕುವ ಮೊದಲು

ಸಾಲಗಾರ ಎಷ್ಟಕ್ಕೆ ಹೊಣೆಯೋ ಜಾಮೀನುದಾರನೂ ಅಷ್ಟಕ್ಕೇ ಹೊಣೆ. "ಮೊದಲು ಅವನನ್ನು ಕೇಳಿ" ಅಂತ ಬ್ಯಾಂಕಿಗೆ ಹೇಳಲಾಗುವುದಿಲ್ಲ. ಹಾಕಲೇಬೇಕಾದರೆ ಇಂತಿಷ್ಟು ಮೊತ್ತಕ್ಕೆ, ಇಂತಿಷ್ಟು ದಿನಕ್ಕೆ ಅಂತ ಮಿತಿ ಬರೆಸಿ.

ಹಂತ 8: ಕಾಗದವೇ ಇಲ್ಲದ ಹೊಣೆ, ಅಂದರೆ ಟಾರ್ಟ್

ಇಲ್ಲಿಯವರೆಗೆ ಹೇಳಿದ್ದು ನಾವೇ ಒಪ್ಪಿಕೊಂಡ ಹೊಣೆ. ಮುಖ ನೋಡದ, ಹೆಸರು ಗೊತ್ತಿಲ್ಲದ ಜನರ ಬಗ್ಗೆಯೂ ನಮಗೆ ಹೊಣೆ ಇದೆ. ಅದು ಟಾರ್ಟ್. ಇದಕ್ಕೆ ನಮ್ಮಲ್ಲಿ ಒಂದೇ ಕಾಯ್ದೆ ಪುಸ್ತಕ ಇಲ್ಲ, ತೀರ್ಪುಗಳಿಂದ ಬೆಳೆದು ಬಂದಿದೆ.

1928ರಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಊರಿನಲ್ಲಿ ಒಬ್ಬ ಹೆಂಗಸಿಗೆ ಗೆಳತಿ ಶುಂಠಿ ಪಾನೀಯ ಕೊಡಿಸಿದಳು. ಬಣ್ಣದ ಬಾಟಲಿ, ಒಳಗೆ ಕಾಣದು. ಕೊಳೆತ ಬಸವನಹುಳು ಹೊರಬಂತು, ಆಕೆಗೆ ಕಾಯಿಲೆಯಾಯಿತು ಅಂತ ದಾವೆ. ಬಾಟಲಿ ಕೊಂಡಿದ್ದು ಆಕೆಯಲ್ಲ, ತಯಾರಿಸಿದವರ ಜೊತೆ ಆಕೆಗೆ ಯಾವ ಕರಾರೂ ಇಲ್ಲ. ಆದರೂ ತಾನು ತಯಾರಿಸಿದ್ದನ್ನು ಬಳಸುವವರ ಬಗ್ಗೆ ತಯಾರಕನಿಗೆ ಎಚ್ಚರಿಕೆಯ ಹೊಣೆ ಇದೆ ಅಂತ 1932ರಲ್ಲಿ ತೀರ್ಮಾನವಾಯಿತು. ಉಪ್ಪಿನಕಾಯಿ, ಮಾವಿನ ತಿರುಳು, ಸಾಂಬಾರು ಪುಡಿ ಮಾಡಿ ಮಾರುವವರಿಗೆ ಇದು ಇವತ್ತಿಗೂ ಅನ್ವಯ. ಈಗ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನದ ಹೊಣೆಗೇ ಒಂದು ಅಧ್ಯಾಯ ಇದೆ. ಬ್ಯಾಚ್ ನಂಬರು, ತಯಾರಿಸಿದ ದಿನ ಬರೆದಿಡುವುದನ್ನು ಬಿಡಬೇಡಿ. ಬಿಲ್ಲಿನ ಕೆಳಗೆ "ಮಾರಿದ ಮಾಲು ವಾಪಸ್ ಇಲ್ಲ" ಅಂತ ಅಚ್ಚು ಹಾಕಿಸಿದರೂ ಕೆಟ್ಟ ಮಾಲನ್ನು ವಾಪಸ್ ತಗೊಳ್ಳದಿರುವುದು ಆ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ.

ನಿರ್ಲಕ್ಷ್ಯ ಅಂತ ಸಾಬೀತು ಮಾಡಲು ಮೂರು ಬೇಕು: ಎಚ್ಚರ ವಹಿಸುವ ಹೊಣೆ ಇತ್ತು, ವಹಿಸಲಿಲ್ಲ, ಅದರಿಂದಲೇ ಹಾನಿಯಾಯಿತು. ಗೋಡೌನ್ ಮುಂದೆ ಆಳೆತ್ತರಕ್ಕೆ ಜೋಡಿಸಿದ ಕ್ರೇಟುಗಳು ದಾರಿಹೋಕರ ಮೇಲೆ ಬಿದ್ದರೆ ಮೂರೂ ಕಣ್ಣೆದುರೇ ಇವೆ. ಇವತ್ತೇ ಹೊರಗೆ ಹೋಗಿ ನಿಮ್ಮ ಜಾಗವನ್ನು ಒಂದು ಸುತ್ತು ನೋಡಿ. ಜೋತು ಬಿದ್ದ ವೈರು, ಮುಚ್ಚದ ಸಂಪು, ಸಡಿಲ ಬೋರ್ಡು, ಮಳೆಯಲ್ಲಿ ಜಾರುವ ಮೆಟ್ಟಿಲು.

ಗಾಡಿಯೇ ನಮ್ಮ ದೊಡ್ಡ ಅಪಾಯ. ನಿಮ್ಮ ಡ್ರೈವರ್ ಕೆಲಸದ ಮೇಲಿದ್ದಾಗ ಮಾಡಿದ ಅಪಘಾತಕ್ಕೆ ನೀವೂ ಹೊಣೆ. ಬೆಳಗಿನ ಜಾವ ಮೂರಕ್ಕೆ ಲೋಡು ಮಾಡಿಸಿ, ನಿದ್ದೆಗೆಟ್ಟವನನ್ನೇ ಮತ್ತೆ ಹೆದ್ದಾರಿಗೆ ಕಳಿಸುವುದು ಬೇಡ. ಇದರಲ್ಲಿ ಕಾನೂನಿಗಿಂತ ಮೊದಲು ಒಂದು ಜೀವದ ಪ್ರಶ್ನೆ ಇದೆ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಒಂದು ದಿನವೂ ತಪ್ಪಬಾರದು. ಡ್ರೈವರಿಗೆ ಸರಿಯಾದ ಲೈಸೆನ್ಸ್ ಇಲ್ಲದಿದ್ದರೆ ವಿಮಾ ಕಂಪನಿ ಗಾಯಾಳುವಿಗೆ ಕೊಟ್ಟು ನಿಮ್ಮಿಂದ ವಸೂಲಿ ಮಾಡಬಹುದು. ಹಳೇ ಟೆಂಪೋ ಮಾರಿದ್ದರೆ ಆರ್‌ಸಿ ಬದಲಾಯಿಸಿ. ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಅವರೇ ಹೊಣೆ ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ.

ರೇಟು ಬಿದ್ದಾಗ ಟೊಮೆಟೊವನ್ನು ರಸ್ತೆ ಬದಿ, ಕೆರೆ ಅಂಗಳಕ್ಕೆ ಸುರಿಯುವುದು ನಮ್ಮ ನೋವು, ಗೊತ್ತು. ಆದರೆ ಕೊಳೆತು ನಾತ, ನೊಣ ಬಂದರೆ ಅಕ್ಕಪಕ್ಕದವರಿಗೆ ಅದು ಉಪದ್ರವ, ಅದೂ ಟಾರ್ಟ್. ಅಮೋನಿಯಾ ಬಳಸುವ ಕೋಲ್ಡ್ ಸ್ಟೋರೇಜಿನವರಂತೂ ತುಂಬ ಜಾಗ್ರತೆ ಇರಬೇಕು. ಭೋಪಾಲ್ ದುರಂತದ ಮರುವರ್ಷ, 1985ರ ಡಿಸೆಂಬರ್‌ನಲ್ಲಿ ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲ ಸೋರಿತು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಪಾಯಕಾರಿ ವಸ್ತು ಇಟ್ಟುಕೊಂಡು ಉದ್ಯಮ ನಡೆಸುವವರು ಎಷ್ಟೇ ಎಚ್ಚರ ವಹಿಸಿದ್ದರೂ ಹಾನಿಗೆ ಪೂರ್ತಿ ಹೊಣೆ ಅಂದಿತು. ಅಲ್ಲಿ ಯಾವ ನೆಪವೂ ನಡೆಯುವುದಿಲ್ಲ.

ಇನ್ನೊಂದು ವ್ಯಾಪಾರಿಗಳ ವಾಟ್ಸಾಪ್ ಗುಂಪಿನ ವಿಷಯ. "ಇವನು ಮೋಸಗಾರ, ಯಾರೂ ಮಾಲು ಕೊಡಬೇಡಿ" ಅಂತ ಫೋಟೋ ಹಾಕುತ್ತೇವೆ. ನಿಮ್ಮ ಮಾತು ನಿಜ ಅಂತ ಸಾಬೀತು ಮಾಡಲಾಗದಿದ್ದರೆ ಅದು ಮಾನಹಾನಿ. ಬಾಕಿ ಇದೆ ಅನ್ನುವುದು ಬೇರೆ, ಮೋಸಗಾರ ಅನ್ನುವುದು ಬೇರೆ, ಅಲ್ವಾ? ಹೇಳಲೇಬೇಕಾದರೆ ತಾರೀಖು, ಮೊತ್ತ ಇಷ್ಟು ಮಾತ್ರ, ಅದೂ ಗುಂಪಿನಲ್ಲಲ್ಲ, ಕೇಳಿದವರಿಗೆ ಮಾತ್ರ.

ಹಂತ 9: ಇವತ್ತು ಸಂಜೆ ಮಾಡುವ ಕೆಲಸ

ಬಾಕಿ ಪುಸ್ತಕ ತೆಗೆದು ಎರಡು ವರ್ಷ ದಾಟಿದ ಬಾಕಿಗಳನ್ನು ಬೇರೆ ಮಾಡಿ. ಅವಕ್ಕೆ 3 ವರ್ಷದ ಗಡುವು ಹತ್ತಿರ ಬರುತ್ತಿದೆ. ಗಡುವು ಮುಗಿಯುವ ಮೊದಲೇ ಬಾಕಿದಾರರು "ಇಷ್ಟು ಕೊಡಬೇಕಾಗಿದೆ" ಅಂತ ಬರೆದು ಸಹಿ ಹಾಕಿದರೆ ಆ ದಿನದಿಂದ ಮತ್ತೆ 3 ವರ್ಷ ಸಿಗುತ್ತದೆ. ಇದು 1963ರ ಕಾಲಮಿತಿ ಕಾಯ್ದೆಯ 18ನೇ ಸೆಕ್ಷನ್. ಬಾಯಿಮಾತಿನ ಒಪ್ಪಿಗೆಗೆ ಇಲ್ಲಿ ಬೆಲೆ ಇಲ್ಲ. ಹೋಗಿ ಕೂತು, ಕಾಫಿ ಕುಡಿದು, ಕೆಳಗಿನ ಸಾಲುಗಳನ್ನು ಬರೆಸಿಕೊಂಡು ಬನ್ನಿ:

"ಈ ದಿನದವರೆಗಿನ ಲೆಕ್ಕ ನೋಡಿದ್ದೇವೆ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಕೊಂಡ ತರಕಾರಿಯ ಬಾಬ್ತು ನಾವು ತಮಗೆ ಕೊಡಬೇಕಾದ ಬಾಕಿ ಇಷ್ಟು ರೂಪಾಯಿ. ಇದನ್ನು ಒಪ್ಪಿ ಸಹಿ ಮಾಡಿದ್ದೇವೆ." ಕೆಳಗೆ ಹೆಸರು, ಸಹಿ, ಆವತ್ತಿನ ತಾರೀಖು, ಸಂಸ್ಥೆಯ ಸೀಲು. ಎರಡು ಪ್ರತಿ, ಒಂದು ಅವರಿಗೆ, ಒಂದು ನಿಮಗೆ.